ಪ್ರಾರ್ಥನೆ ಮಾಡುವವರಿಗೇ ಯಾಕೆ ಹೀಗೆ?

ನಮ್ಮಕ್ಕನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಮಂಗಳವಾರ, ಶುಕ್ರವಾರ ಬಂಗಾರಪೇಟೆ ಪಕ್ಕದ ನಮ್ಮೂರಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಕೋಲಾರಕ್ಕೆ ಹೋಗುತ್ತಾಳೆ. ನಾಲ್ಕು ಗಂಟೆ ಮಿಷನ್ನಿನ ಪಕ್ಕ ಮಲಗಿದ್ದು, ಮಧ್ಯಾಹ್ನದ ಬಿಸಿಲಲ್ಲಿ ಗೋಡೆ ಹಿಡಿದುಕೊಂಡು ಮನೆಗೆ ಬರುತ್ತಾಳೆ. ಇಪ್ಪತ್ತು ವರ್ಷದ ಶುಗರ್ ಎರಡೂ ಕಿಡ್ನಿಯನ್ನು ತಿಂದುಹಾಕಿದೆ. ಊರಿನಲ್ಲಿ ಯಾರಿಗೆ ಹುಷಾರಿಲ್ಲ ಅಂದರೂ ಮೊದಲು ಹೋಗಿ ಪ್ರಾರ್ಥನೆ ಮಾಡಿ ಬರುತ್ತಿದ್ದವಳು ಅವಳೇ. ಭಾನುವಾರ ನಮ್ಮ ಕ್ರೈಸ್ತ ಸಭೆಯ ಆರಾಧನೆಗೆ ಎಲ್ಲರಿಗಿಂತ ಮುಂಚೆ ಹೋಗಿ ಚಾಪೆ ಹಾಸುತ್ತಿದ್ದವಳೂ ಅವಳೇ.

ಎದುರುಮನೆಯ ಅಮ್ಮ ಒಂದು ದಿನ ನನ್ನನ್ನು ನಿಲ್ಲಿಸಿ ಕೇಳಿದರು: "ತಪ್ಪು ತಿಳ್ಕೋಬೇಡಿ ಮೇಷ್ಟ್ರೇ. ಮೂರು ಹೊತ್ತೂ ದೇವರ ಹೆಸರು ಹೇಳೋ ನಿಮ್ಮಕ್ಕಂಗೇ ಯಾಕ್ ಹಿಂಗಾಯ್ತು?" ಅವರು ನಮ್ಮ ಸಭೆಯವರಲ್ಲ, ಮನೆಯಲ್ಲಿ ವೆಂಕಟರಮಣನ ಫೋಟೋ ಇಟ್ಟು ಪೂಜೆ ಮಾಡುವವರು. ಪ್ರಶ್ನೆಯಲ್ಲಿ ಕುಹಕ ಇರಲಿಲ್ಲ, ನಿಜವಾದ ಸಂಕಟ ಇತ್ತು.

ಅದೇ ವಾರ ಬೇರೊಂದು ಸಭೆಯವರು ಅಕ್ಕನನ್ನು ನೋಡಲು ಬಂದರು. ಎಣ್ಣೆ ಹಚ್ಚಿ, ತಲೆಯ ಮೇಲೆ ಕೈಯಿಟ್ಟು, ಜೋರಾಗಿ ಪ್ರಾರ್ಥನೆ ಮಾಡಿದರು. ಹೊರಡುವಾಗ ಅವರಲ್ಲೊಬ್ಬರು ಮೆಲ್ಲಗೆ ಹೇಳಿದರು: "ಸಿಸ್ಟರ್, ಒಳಗಡೆ ಒಪ್ಪಿಕೊಳ್ಳದ ಪಾಪ ಏನಾದ್ರೂ ಇದ್ಯಾ ನೋಡ್ಕೊಳ್ಳಿ. ಪೂರ್ಣ ವಿಶ್ವಾಸ ಇದ್ದಿದ್ರೆ ಇಷ್ಟೊತ್ತಿಗೆ ಬಿಡುಗಡೆ ಆಗ್ಬೇಕಾಗಿತ್ತು." ಆ ರಾತ್ರಿ ಅಕ್ಕ ಗೋಡೆ ಕಡೆ ತಿರುಗಿ ಮಲಗಿ ಅತ್ತಳು. ಸೂಜಿ ಚುಚ್ಚುವಾಗ ಅಳದವಳು.

ಒಬ್ಬರು ಕ್ರೈಸ್ತರಲ್ಲ, ಇನ್ನೊಬ್ಬರು ಬೈಬಲ್ಲನ್ನೇ ಉಸಿರಾಡುವವರು. ಆದರೂ ಇಬ್ಬರ ಮಾತಿನ ಅಡಿಯಲ್ಲಿ ಇದ್ದದ್ದು ಒಂದೇ ಲೆಕ್ಕ. ಇಷ್ಟು ಭಕ್ತಿ ಹಾಕಿದರೆ ಇಷ್ಟು ಸುಖ ಬರಬೇಕು, ಬರಲಿಲ್ಲ ಅಂದರೆ ಹಾಕಿದ್ದರಲ್ಲೇ ಏನೋ ಕೊರತೆ. ಕ್ರಿಸ್ತನನ್ನು ನಂಬಿದವರಿಗೂ ಯಾಕೆ ಕಷ್ಟ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಈ ಲೆಕ್ಕವನ್ನು ನೋಡಬೇಕು. ಬೈಬಲ್ ಉದ್ದಕ್ಕೂ ಜಗಳವಾಡುವುದೇ ಇದರ ಜೊತೆ.

ಈ ಲೆಕ್ಕ ನಮಗೆ ಹೊಸದಲ್ಲ. "ಯಾವ ಜನ್ಮದ ಪಾಪವೋ", "ಏನು ಕರ್ಮ ಮಾಡಿದ್ದಳೋ" ಅನ್ನುವುದು ಕೋಲಾರದ ಯಾವ ಹಳ್ಳಿಗೆ ಹೋದರೂ ಕೇಳುವ ಮಾತು. ಸಭೆಗೆ ಬಂದ ಮೇಲೆ ನಾವು ಮಾತು ಬದಲಾಯಿಸಿದೆವು, ಲೆಕ್ಕ ಬದಲಾಯಿಸಲಿಲ್ಲ. ಕರ್ಮದ ಜಾಗಕ್ಕೆ 'ಶಾಪ' ಬಂತು, ಹರಕೆಯ ಜಾಗಕ್ಕೆ 'ವಿಶ್ವಾಸದ ಬೀಜ', ಅಂದರೆ ಫಲ ಬರುತ್ತದೆಂದು ಕೊಡುವ ಕಾಣಿಕೆ, ಬಂತು. ಹಾಗಂತ ಇದು ನಮ್ಮ ನಾಡಿನವರ ತಪ್ಪು ಮಾತ್ರ ಅಂದುಕೊಳ್ಳಬೇಕಾಗಿಲ್ಲ. ಯೇಸುವಿನ ಬದುಕನ್ನು ಹೇಳುವ ಯೋಹಾನನ ಸುವಾರ್ತೆಯ ಒಂಬತ್ತನೇ ಅಧ್ಯಾಯದಲ್ಲಿ, ಹುಟ್ಟುಕುರುಡನನ್ನು ಕಂಡ ಕೂಡಲೇ ಯೇಸುವಿನ ಶಿಷ್ಯರು ಕೇಳಿದ್ದೂ ಅದನ್ನೇ: ಇವನು ಹೀಗೆ ಹುಟ್ಟಬೇಕಾದರೆ ಪಾಪ ಮಾಡಿದವನು ಯಾರು, ಇವನೋ, ಇವನ ತಂದೆತಾಯಿಗಳೋ? ಎರಡು ಸಾವಿರ ವರ್ಷದ ಹಿಂದಿನ ಯೆರೂಸಲೇಮಿನ ಪ್ರಶ್ನೆ ನಮ್ಮೂರಿನ ಅರಳಿಕಟ್ಟೆಯಲ್ಲಿ ಕೇಳಿದ ಹಾಗಿದೆ. ಯೇಸು ಕೊಟ್ಟ ಉತ್ತರದ ಮೊದಲ ಭಾಗ ತೀರಾ ನೇರ: ಇವನೂ ಅಲ್ಲ, ಇವನ ತಂದೆತಾಯಿಗಳೂ ಅಲ್ಲ. ದೇವರ ಕಾರ್ಯ ಇವನಲ್ಲಿ ಕಾಣಬೇಕು ಎಂದು ಹೇಳಿ, ಮಣ್ಣನ್ನು ಕಲಸಿ ಅವನ ಕಣ್ಣಿಗೆ ಹಚ್ಚಿದರು. ಶಿಷ್ಯರು ಹಿಂದಕ್ಕೆ ನೋಡಿ ಕಾರಣ ಕೇಳುತ್ತಿದ್ದರೆ ಯೇಸು ಮುಂದೆ ಮಾಡಬೇಕಾದ ಕೆಲಸದ ಕಡೆ ನೋಡಿದರು.

ಲೂಕನ ಸುವಾರ್ತೆಯ ಹದಿಮೂರನೇ ಅಧ್ಯಾಯದಲ್ಲಿ ಇನ್ನೊಂದು ಘಟನೆ ಇದೆ, ಇದರ ಮೇಲೆ ಸಭೆಯಲ್ಲಿ ಪ್ರಸಂಗ (ಉಪದೇಶ) ಮಾಡುವವರು ಕಡಿಮೆ. ಸಿಲೊವಾಮಿನಲ್ಲಿ ಒಂದು ಬುರುಜು ಕುಸಿದು 18 ಜನ ಸತ್ತಿದ್ದರು. ಯೇಸುವೇ ಅದನ್ನು ನೆನಪಿಸಿ, ಸತ್ತವರು ಯೆರೂಸಲೇಮಿನ ಉಳಿದವರಿಗಿಂತ ದೊಡ್ಡ ಅಪರಾಧಿಗಳು ಅಂದುಕೊಂಡಿರೋ ಎಂದು ಕೇಳುತ್ತಾರೆ. ಅಲ್ಲ ಅನ್ನುತ್ತಾರೆ. ಹಾಗೆಂದು ಕೇಳುತ್ತಿದ್ದವರನ್ನೂ ಬಿಡುವುದಿಲ್ಲ, ನೀವು ನಿಮ್ಮ ಜೀವನ ತಿದ್ದಿಕೊಳ್ಳಿ ಅನ್ನುತ್ತಾರೆ. ಸತ್ತವರ ಪಾಪ ಎಣಿಸುವ ಕೆಲಸ ಬದುಕಿರುವವರದ್ದಲ್ಲ.

ಈ ಲೆಕ್ಕವನ್ನು ಬೇರುಸಮೇತ ಕೀಳಲು ಬೈಬಲ್ಲಿನಲ್ಲಿ ಒಂದು ಇಡೀ ಪುಸ್ತಕವೇ ಇದೆ, ಯೋಬನದು. 42 ಅಧ್ಯಾಯ. ಮೊದಲ ಮಾತಿನಲ್ಲೇ ಯೋಬ ನೀತಿವಂತ, ದೇವರಿಗೆ ಅಂಜುವವನು ಅಂತ ಹೇಳಿಬಿಡುತ್ತದೆ. ಆಮೇಲೆ ಅವನ ದನಕರು ಹೋಗುತ್ತವೆ, ಮಕ್ಕಳು ಸಾಯುತ್ತಾರೆ, ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕೂತು ಮಡಕೆಯ ಚೂರಿನಿಂದ ಮೈ ಕೆರೆದುಕೊಳ್ಳುತ್ತಾನೆ. ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಸ್ನೇಹಿತರು ಬರುತ್ತಾರೆ. ಏಳು ದಿನ ಏಳು ರಾತ್ರಿ ಒಂದು ಮಾತೂ ಆಡದೆ ಅವನ ಜೊತೆ ನೆಲದ ಮೇಲೆ ಕೂರುತ್ತಾರೆ. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಮೂವರದ್ದೂ ಒಂದೇ ರಾಗ: ನಿರಪರಾಧಿ ಯಾವನಾದರೂ ನಾಶವಾದದ್ದುಂಟೋ? ಏನೋ ಮಾಡಿದ್ದೀಯ, ಒಪ್ಪಿಕೋ. ಅವರ ಮಾತುಗಳನ್ನು ಬಿಡಿಬಿಡಿಯಾಗಿ ಓದಿದರೆ ಎಲ್ಲವೂ ಭಕ್ತಿಯ ಮಾತುಗಳೇ, ಎಷ್ಟೋ ಸಾಲುಗಳನ್ನು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಬಹುದು. ಯೋಬನಾದರೋ ದೇವರ ಮೇಲೆ ಕೂಗಾಡುತ್ತಾನೆ, ಹುಟ್ಟಿದ ದಿನವನ್ನು ಶಪಿಸುತ್ತಾನೆ, ನನ್ನನ್ನು ನ್ಯಾಯಕ್ಕೆ ಕರೆ ಅನ್ನುತ್ತಾನೆ. ಕೊನೆಯ ಅಧ್ಯಾಯದಲ್ಲಿ ದೇವರ ತೀರ್ಪು ಯಾರ ಕಡೆ ಬರುತ್ತದೆ? ನನ್ನ ದಾಸ ಯೋಬ ಆಡಿದಂತೆ ನೀವು ನನ್ನ ವಿಷಯವಾಗಿ ಸರಿಯಾದದ್ದನ್ನು ಆಡಲಿಲ್ಲ ಎಂದು ದೇವರು ಕೋಪಿಸಿಕೊಳ್ಳುವುದು ಆ ಸ್ನೇಹಿತರ ಮೇಲೆ. ದೇವರ ಪರವಾಗಿ ವಾದ ಮಾಡಿದವರಿಗೇ ದೇವರು ಬಲಿ ಅರ್ಪಿಸಲು ಹೇಳಿದರು, ಅವರಿಗಾಗಿ ಪ್ರಾರ್ಥಿಸುವ ಕೆಲಸವನ್ನು ಯೋಬನಿಗೇ ಕೊಟ್ಟರು.

ಇನ್ನೊಂದು ವಿಷಯ ನನ್ನನ್ನು ಬಹಳ ವರ್ಷ ಕಾಡಿದೆ. ಪರಲೋಕದ ಸಭೆಯಲ್ಲಿ ಸೈತಾನ ಬಂದು ಸವಾಲು ಹಾಕಿದ ಮೊದಲ ಅಧ್ಯಾಯ ಓದುಗರಾದ ನಮಗೆ ಗೊತ್ತು. ಯೋಬನಿಗೆ ಅದು ಕೊನೆಯವರೆಗೂ ಗೊತ್ತಾಗುವುದಿಲ್ಲ. ಬಿರುಗಾಳಿಯೊಳಗಿಂದ ದೇವರು ಮಾತಾಡುವಾಗಲೂ ಕಾರಣ ಹೇಳುವುದಿಲ್ಲ, ನಾನು ಭೂಮಿಗೆ ಅಸ್ತಿವಾರ ಹಾಕಿದಾಗ ನೀನು ಎಲ್ಲಿದ್ದೆ ಎಂದು ಕೇಳುತ್ತಾರೆ. ಮೊದಲ ಸಲ ಓದಿದಾಗ ನನಗೆ ಇದು ಉತ್ತರ ತಪ್ಪಿಸುವ ಮಾತು ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಯೋಬ ಅಷ್ಟೂ ಅಧ್ಯಾಯ ಬೇಡಿಕೊಂಡದ್ದು ದೇವರು ನನ್ನ ಎದುರು ಬರಲಿ ಅಂತ. ದೇವರು ಬಂದರು.

ಹಾಗಾದರೆ ಕಷ್ಟ ಎಲ್ಲಿಂದ ಬರುತ್ತದೆ? ಇಲ್ಲಿ ಒಂದೇ ಉತ್ತರ ಹುಡುಕುವುದರಿಂದಲೇ ಅರ್ಧ ಗೊಂದಲ. ಬೈಬಲ್ಲು ಹಲವು ಕಡೆ ಕೈತೋರಿಸುತ್ತದೆ, ನಾವು ಎಲ್ಲವನ್ನೂ ಒಂದೇ ಗುಂಡಿಗೆ ಹಾಕುತ್ತೇವೆ.

ನಮ್ಮ ನೀರಿನಿಂದಲೇ ಶುರುಮಾಡುತ್ತೇನೆ. ಕೋಲಾರ, ಚಿಕ್ಕಬಳ್ಳಾಪುರ, ಇತ್ತ ಪಾವಗಡ, ಶಿರಾ ಕಡೆ ಕಂದು ಕಲೆಯ ಹಲ್ಲಿನ ಮಕ್ಕಳನ್ನು ನೋಡದವರಿಲ್ಲ. ಇದು ಫ್ಲೋರೈಡಿನ ಕೆಲಸ. ನಮ್ಮ ನೆಲದ ಕೆಳಗಿರುವ ಗ್ರಾನೈಟ್ ಜಾತಿಯ ಕಲ್ಲಿನ ಖನಿಜಗಳಲ್ಲಿ ಫ್ಲೋರೈಡ್ ಇದೆ. ಆಳದ ಬಿರುಕುಗಳಲ್ಲಿ ನೀರು ಬಹಳ ಕಾಲ ನಿಂತಷ್ಟೂ ಅದು ಕರಗಿ ನೀರಿಗೆ ಸೇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ಇದೆ. ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿಗೆ ಕಲೆ ಬೀಳುತ್ತದೆ, ಇನ್ನೂ ಹೆಚ್ಚಾದರೆ ಮೂಳೆ ಕೀಲು ಬಿಗಿದು ಬೆನ್ನು ಬಾಗುತ್ತದೆ. ಆ ನೀರು ಕುಡಿಯುವ ಮಗು ಭಾನುವಾರದ ಶಾಲೆಗೆ ಹೋಗುತ್ತದೋ, ದೇವಸ್ಥಾನಕ್ಕೆ ಹೋಗುತ್ತದೋ, ಮಸೀದಿಗೆ ಹೋಗುತ್ತದೋ ಎಂದು ಕಲ್ಲು ಕೇಳುವುದಿಲ್ಲ. ದೀಕ್ಷಾಸ್ನಾನ ಮಾಡಿಸಿಕೊಂಡವನ ಮೂಳೆಯೂ ಮೂಳೆಯೇ.

ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದ ಮೂರನೇ ಅಧ್ಯಾಯ ಹೇಳುವುದು ಸೃಷ್ಟಿ ಹೀಗೆ ಒಡೆದ ಕಥೆಯನ್ನು. ಮನುಷ್ಯ ದೇವರಿಗೆ ಬೆನ್ನು ತಿರುಗಿಸಿದ ಮೇಲೆ ಕೆಟ್ಟದ್ದು ಅವನ ಮನಸ್ಸು ಒಂದೇ ಅಲ್ಲ, ಭೂಮಿಯೂ ಮುಳ್ಳುಕಳೆ ಬೆಳೆಯುವಂತಾಯಿತು, ಹೆರಿಗೆ ನೋವಾಯಿತು, ದುಡಿಮೆ ಬೆವರಾಯಿತು, ಮೈ ಮಣ್ಣಿಗೆ ಮರಳುವಂಥದಾಯಿತು. ಯೇಸುವಿನ ಸುವಾರ್ತೆಯನ್ನು ಊರೂರಿಗೆ ಸಾರಿದ ಪೌಲ ರೋಮಾಪುರದವರಿಗೆ ಬರೆದ ಪತ್ರದ ಎಂಟನೇ ಅಧ್ಯಾಯದಲ್ಲಿ ಇಡೀ ಸೃಷ್ಟಿಯೇ ಹೆರುವ ಹೆಂಗಸಿನಂತೆ ನರಳುತ್ತಿದೆ ಅನ್ನುತ್ತಾನೆ. ಮುಂದಿನ ವಾಕ್ಯವನ್ನು ನಾವು ಹಾರಿಸಿ ಓದುತ್ತೇವೆ: ಅದು ಮಾತ್ರವಲ್ಲ, ಪವಿತ್ರಾತ್ಮನನ್ನು ಹೊಂದಿರುವ ನಾವೂ ನಮ್ಮೊಳಗೆ ನರಳುತ್ತೇವೆ, ನಮ್ಮ ದೇಹಕ್ಕೆ ಬಿಡುಗಡೆ ಬರುವುದನ್ನು ಕಾಯುತ್ತಾ. ವಿಶ್ವಾಸಿಯ ಆತ್ಮಕ್ಕೆ ಏನು ಸಿಕ್ಕಿದ್ದರೂ ದೇಹ ಇನ್ನೂ ಈ ಹಳೆಯ ಲೋಕದ್ದೇ, ಇದೇ ಬೋರ್‌ವೆಲ್ ನೀರು ಕುಡಿಯುವಂಥದ್ದು.

ಎರಡನೆಯದು ಮನುಷ್ಯರು ಮನುಷ್ಯರಿಗೆ ಮಾಡುವುದು. ಕೋಲಾರದ ಚಿನ್ನದ ಗಣಿಯ ಊರಾದ ಕೆಜಿಎಫ್‌ಗೆ ಹೋದರೆ, ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಸೈನೈಡ್ ದಿಬ್ಬಗಳು ಈಗಲೂ ನಿಂತಿವೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಕಲ್ಲು ಕೊರೆದವರಲ್ಲಿ ಕ್ರೈಸ್ತರು ಬಹಳ ಮಂದಿ, ಆ ಊರಿನ ಚರ್ಚುಗಳನ್ನು ತುಂಬಿಸಿದವರು. ಕೊರೆಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದೊಳಗೆ ಕೂತು ಅದನ್ನು ಗಟ್ಟಿಯಾಗಿಸುತ್ತದೆ, ಉಸಿರು ಕ್ರಮೇಣ ಸಾಲದಾಗುತ್ತದೆ. ಸಿಲಿಕೋಸಿಸ್ ಅನ್ನುವ ಈ ಕಾಯಿಲೆ ಭಾರತದಲ್ಲಿ ಮೊದಲು ದಾಖಲಾದದ್ದೇ ಕೋಲಾರದ ಚಿನ್ನದ ಗಣಿಯಲ್ಲಿ, 1934ರಲ್ಲಿ. ಕೆಮ್ಮಿ ಕೆಮ್ಮಿ ಸತ್ತ ಆ ಹಿರಿಯರಲ್ಲಿ ಯಾರ ಪಾಪ ಹುಡುಕುವುದು? ಅವರು ಅಗೆದ ಚಿನ್ನ ಬೇರೆಯವರ ಮೈಮೇಲಿತ್ತು, ಧೂಳು ಮಾತ್ರ ಅವರ ಎದೆಯಲ್ಲಿತ್ತು. ದೇವರು ಮನುಷ್ಯನಿಗೆ ಆಯ್ಕೆಯ ಸ್ವಾತಂತ್ರ್ಯ ಕೊಟ್ಟಿದ್ದಾರೆ, ಅದರ ದುರುಪಯೋಗವೇ ಲೋಕದ ನೋವಿಗೆ ಕಾರಣ ಎಂಬ ವಾದ ಇಂಥ ಕಡೆ ಸರಿಯಾಗಿ ಹೊಂದುತ್ತದೆ. ಆದರೆ ಆ ವಾದಕ್ಕೆ ಒಂದು ಎಲ್ಲೆ ಇದೆ. ಶ್ರೀನಿವಾಸಪುರದ ಮಾವಿನ ತೋಪಿನ ಮೇಲೆ ಆಲಿಕಲ್ಲು ಬಿದ್ದು ವರ್ಷದ ಬೆಳೆ ನೆಲಕಚ್ಚಿದಾಗ ಯಾರ ಆಯ್ಕೆ ಅದು? ಅಲ್ಲಿ ಒಡೆದ ಸೃಷ್ಟಿಯ ಮಾತಿಗೇ ಮರಳಬೇಕಾಗುತ್ತದೆ.

ನಮ್ಮ ಕೈಯಾರೆ ಮಾಡಿಕೊಂಡದ್ದೂ ಇರುತ್ತದೆ, ಅದನ್ನು ಮುಚ್ಚಿಡಬಾರದು. ಕುಡಿತ, ಮದುವೆಗೆ ಮಾಡಿದ ಮೀಟರ್ ಬಡ್ಡಿ ಸಾಲ, ಮಾತ್ರೆ ನುಂಗದೆ ಬಿಟ್ಟ ಬಿಪಿ. ಬಿತ್ತಿದ್ದನ್ನೇ ಕೊಯ್ಯುತ್ತೀರಿ ಎಂದು ಪೌಲ ಹೇಳಿದ್ದು ಸುಳ್ಳಲ್ಲ. ಆದರೆ ಬಿತ್ತಿದ್ದೆಲ್ಲ ಬೆಳೆಯಾಗುತ್ತದೆ ಅನ್ನುವುದು ನಿಜವಾದರೂ, ಹೊಲದಲ್ಲಿ ಎದ್ದ ಕಳೆಯೆಲ್ಲ ನಾವೇ ಬಿತ್ತಿದ್ದು ಅನ್ನಲಾಗುವುದಿಲ್ಲ. ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಂಬಿದ್ದಕ್ಕಾಗಿಯೇ ಬರುವ ಕಷ್ಟ. ಕ್ರಿ.ಶ. 64ರಲ್ಲಿ ರೋಮ್ ನಗರ ಹೊತ್ತಿ ಉರಿದಾಗ ನೀರೋ ಚಕ್ರವರ್ತಿ ಅದನ್ನು ಕ್ರೈಸ್ತರ ತಲೆಗೆ ಕಟ್ಟಿ ಕೊಲ್ಲಿಸಿದ. ಬೈಬಲ್ಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ 'ಕಷ್ಟ' ಅಂದಾಗ ಎಷ್ಟೋ ಕಡೆ ಅರ್ಥ ಇದು: ಬೈಗುಳ, ಬಹಿಷ್ಕಾರ, ಸೆರೆಮನೆ. ಯೇಸುವಿನ ಶಿಷ್ಯ ಪೇತ್ರನ ಮೊದಲ ಪತ್ರ ಓದುವಾಗ ಇದು ತಲೆಯಲ್ಲಿರಬೇಕು, ಇಲ್ಲದಿದ್ದರೆ ಆ ವಾಕ್ಯಗಳನ್ನು ಕಿಡ್ನಿ ರೋಗಿಯ ಮೇಲೆ ತಪ್ಪಾಗಿ ಹೊರಿಸುತ್ತೇವೆ.

ಈಗ ಕಠಿಣವಾದ ಭಾಗಕ್ಕೆ ಬರುತ್ತೇನೆ. ಕಷ್ಟ ಎಲ್ಲಿಂದ ಬಂದರೂ ಬರಲಿ, ದೇವರು ತನ್ನವರನ್ನು ಕಾಪಾಡುತ್ತೇನೆ ಎಂದು ಮಾತು ಕೊಟ್ಟಿಲ್ಲವೇ?

ನಮ್ಮ ಸಭೆಗಳಲ್ಲಿ ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ಬೈಬಲ್ಲಿನ ಒಂದು ವಾಕ್ಯ ಬರೆದ ವಾಗ್ದಾನದ ಕಾರ್ಡ್ ತೆಗೆಯುತ್ತೇವೆ. ಹೊಸ ವರ್ಷಕ್ಕೆ ದೇವರು ನನಗೆ ಕೊಟ್ಟ ಮಾತು ಅಂತ ಅದನ್ನು ಬೈಬಲ್ಲಿನೊಳಗೆ ಇಟ್ಟುಕೊಳ್ಳುತ್ತೇವೆ. ಅಕ್ಕನಿಗೆ ಡಯಾಲಿಸಿಸ್ ಶುರುವಾದ ವರ್ಷ ಅವಳ ಕೈಗೆ ಬಂದದ್ದು ಯೆರೆಮೀಯನ 29ನೇ ಅಧ್ಯಾಯದ 11ನೇ ವಾಕ್ಯ: ನಿಮ್ಮ ಬಗ್ಗೆ ನನಗಿರುವ ಆಲೋಚನೆಗಳು ಅಹಿತದವಲ್ಲ, ಹಿತದವು, ನಿಮಗೆ ನಿರೀಕ್ಷೆಯನ್ನು ಕೊಡುವಂಥವು. ಕಾರ್ಡಿನಲ್ಲಿ 10ನೇ ವಾಕ್ಯ ಇರಲಿಲ್ಲ. ಅದರಲ್ಲಿ, ಬಾಬೆಲಿನಲ್ಲಿ ಎಪ್ಪತ್ತು ವರ್ಷ ಕಳೆದ ಮೇಲೆ ಎಂದಿದೆ. ಊರು ಕಳೆದುಕೊಂಡು ಪರದೇಶಕ್ಕೆ ಸೆರೆಹೋದವರಿಗೆ ಬರೆದ ಪತ್ರ ಅದು. ಓದಿಸಿಕೊಂಡವರಲ್ಲಿ ಹೆಚ್ಚಿನವರು ಅಲ್ಲೇ ಮುದುಕರಾಗಿ ಅಲ್ಲೇ ಸತ್ತಿರಬೇಕು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಊರಿನ ಒಳಿತಿಗಾಗಿ ಪ್ರಾರ್ಥಿಸಿ ಎಂದು ಅದೇ ಪತ್ರ ಹೇಳುತ್ತದೆ. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಹನನ್ಯ ಎಂಬ ಪ್ರವಾದಿ ಅದರ ಹಿಂದಿನ ಅಧ್ಯಾಯದಲ್ಲಿ ಹೇಳಿದ್ದ. ಜನಕ್ಕೆ ಇಷ್ಟವಾದದ್ದು ಆ ಮಾತು. ಬೈಬಲ್ಲು ಅವನನ್ನು ಸುಳ್ಳು ಪ್ರವಾದಿ ಅನ್ನುತ್ತದೆ.

ಕಾವಲಿನ ಕೀರ್ತನೆ ಎಂದು ನಾವು ಬಾಯಿಪಾಠ ಮಾಡುವ 91ನೇ ಕೀರ್ತನೆಯನ್ನೂ ನೋಡಿ. ನಿನ್ನ ಕಾಲು ಕಲ್ಲಿಗೆ ತಗಲದಂತೆ ದೂತರು ಎತ್ತಿಕೊಳ್ಳುವರು ಎಂಬ ಅದರ ಸಾಲನ್ನು ಯೇಸುವಿನ ಮುಂದೆ ಹೇಳಿದವನು ಸೈತಾನ, ದೇವಾಲಯದ ಶಿಖರದಿಂದ ಕೆಳಗೆ ಹಾರು ಎನ್ನುತ್ತಾ. ವಾಕ್ಯ ಸುಳ್ಳಲ್ಲ. ಅದನ್ನು ವಿಮಾ ಪಾಲಿಸಿ ಮಾಡಿಕೊಳ್ಳುವುದನ್ನು ಯೇಸು ಒಪ್ಪಲಿಲ್ಲ.

ಗುಣವಾಗುವ ವಿಷಯದಲ್ಲಿ ಸಭೆಗಳ ನಡುವೆ ನಿಜವಾದ ಭಿನ್ನಾಭಿಪ್ರಾಯ ಇದೆ. ಯೆಶಾಯನ 53ನೇ ಅಧ್ಯಾಯದ "ಆತನ ಬಾಸುಂಡೆಗಳಿಂದ ನಮಗೆ ಗುಣವಾಯಿತು" ಎಂಬ ಮಾತನ್ನು ಹಿಡಿದು, ಶಿಲುಬೆಯಲ್ಲೇ ನಮ್ಮ ಕಾಯಿಲೆಗೂ ಬೆಲೆ ಕಟ್ಟಿ ಆಗಿದೆ, ಆದ್ದರಿಂದ ನಂಬಿದವನಿಗೆ ಈಗಲೇ ಗುಣವಾಗಬೇಕು ಎಂದು ಕೆಲವರು ಬೋಧಿಸುತ್ತಾರೆ. ಅದೇ ಅಧ್ಯಾಯವನ್ನು ಸುವಾರ್ತೆ ಬರೆದ ಮತ್ತಾಯ, ಯೇಸು ರೋಗಿಗಳನ್ನು ವಾಸಿಮಾಡಿದ್ದಕ್ಕೆ ಹೊಂದಿಸಿದ್ದಾನೆ, ಪೇತ್ರ ಪಾಪದಿಂದ ಬಿಡುಗಡೆಗೆ ಹೊಂದಿಸಿದ್ದಾನೆ. ಎರಡೂ ನಿಜ ಎಂದೇ ನನ್ನ ನಂಬಿಕೆ. ದೇವರು ಇಂದಿಗೂ ವಾಸಿಮಾಡುತ್ತಾರೆ, ಬೇಡಿಕೊಳ್ಳುವುದನ್ನು ನಾನೂ ಬಿಟ್ಟಿಲ್ಲ. ಪ್ರಶ್ನೆ ಇರುವುದು 'ಈಗಲೇ' ಮತ್ತು 'ಎಲ್ಲರಿಗೂ' ಎಂಬ ಎರಡು ಪದಗಳಲ್ಲಿ. ಪೌಲನ ಕೈಯಿಂದ ಎಷ್ಟೋ ಜನ ವಾಸಿಯಾದರು. ಅದೇ ಪೌಲ ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಬಂದೆ ಎಂದು ಬರೆಯುತ್ತಾನೆ. ಶಿಷ್ಯ ತಿಮೊಥೆಯನಿಗೆ ಪದೇಪದೇ ಬರುವ ಹೊಟ್ಟೆಯ ಕಾಯಿಲೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಮನೆಮದ್ದು ಹೇಳುತ್ತಾನೆ, ನಿನ್ನ ವಿಶ್ವಾಸ ಎಲ್ಲಿ ಹೋಯಿತು ಎಂದು ಗದರುವುದಿಲ್ಲ. ಇನ್ನೊಬ್ಬ ಜೊತೆಗಾರ ಎಪಫ್ರೊದೀತ ಸಾಯುವ ಹಾಗೆ ಮಲಗಿದ್ದಾಗ ಪೌಲನಿಗೆ ದುಃಖದ ಮೇಲೆ ದುಃಖವಾಗುವುದರಲ್ಲಿತ್ತು. ಕೊನೆಗೆ ಪೌಲನದೇ ದೇಹ. ಶರೀರದಲ್ಲಿ ಶೂಲದಂತೆ ನಾಟಿದ್ದೊಂದನ್ನು ತೆಗೆದುಹಾಕು ಎಂದು ಮೂರು ಸಲ ಬೇಡಿಕೊಂಡ. ಉತ್ತರ ಬಂತು, ಅವನು ಕೇಳಿದ ಉತ್ತರವಲ್ಲ: "ನನ್ನ ಕೃಪೆಯೇ ನಿನಗೆ ಸಾಕು." ಆ ಶೂಲ ಏನು ಎಂದು ಯಾರೂ ಖಚಿತವಾಗಿ ಹೇಳಲಾರರು. ಹಾಗಿರುವುದೇ ಒಳ್ಳೆಯದಾಯಿತು, ಪ್ರತಿಯೊಬ್ಬರೂ ತಮ್ಮದನ್ನು ಅಲ್ಲಿಟ್ಟು ಓದಬಹುದು.

ಅಪೊಸ್ತಲರ ಕೃತ್ಯಗಳ 12ನೇ ಅಧ್ಯಾಯ ಇನ್ನೂ ಕಠಿಣ. ಹೆರೋದ ಅರಸ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ಮುಂದಿನ ಕೆಲವೇ ಸಾಲುಗಳಲ್ಲಿ ದೂತ ಬಂದು ಪೇತ್ರನನ್ನು ಸೆರೆಯಿಂದ ಬಿಡಿಸುತ್ತಾನೆ. ಇಬ್ಬರೂ ಯೇಸುವಿನ ಆಪ್ತ ಶಿಷ್ಯರು. ಒಬ್ಬ ಸತ್ತ, ಒಬ್ಬ ಉಳಿದ. ಯಾಕೆಂದು ಈ ಪುಸ್ತಕ ಬರೆದ ಲೂಕ ಒಂದು ಪದವನ್ನೂ ಬರೆಯಲಿಲ್ಲ. ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯದಲ್ಲೂ ಹೀಗೇ: ವಿಶ್ವಾಸದಿಂದ ಕೆಲವರು ಕತ್ತಿಯ ಬಾಯಿಂದ ತಪ್ಪಿಸಿಕೊಂಡರು, ಮೂರು ವಾಕ್ಯ ಕಳೆದ ಮೇಲೆ ಕೆಲವರು ಕತ್ತಿಗೆ ಸಿಕ್ಕಿ ಸತ್ತರು. ಬರೆದವನು ಎರಡೂ ಗುಂಪನ್ನು ಒಂದೇ ಪಟ್ಟಿಗೆ ಸೇರಿಸಿ, ಇವರೆಲ್ಲರೂ ವಿಶ್ವಾಸದ ಮೂಲಕ ಒಳ್ಳೆಯ ಸಾಕ್ಷಿ ಹೊಂದಿದವರು ಅನ್ನುತ್ತಾನೆ. ನಮ್ಮ ಸಾಕ್ಷಿ ಕೂಟಗಳಲ್ಲಿ ಮೊದಲನೇ ಗುಂಪಿಗೆ ಮಾತ್ರ ಮೈಕ್ ಸಿಗುತ್ತದೆ. ಗುಣವಾದವರು ಮುಂದೆ ಬನ್ನಿ ಅನ್ನುತ್ತೇವೆ. ಗುಣವಾಗದೆ ಹಿಂದಿನ ಚಾಪೆಯಲ್ಲಿ ಕೂತು, ಆದರೂ ಸ್ತೋತ್ರ ಹೇಳುವವರ ಸಾಕ್ಷಿಯನ್ನು ಒಂದು ಸಲವಾದರೂ ಕೇಳಬೇಕಿತ್ತು ಎಂದು ನನಗೆ ಈಗ ಬಲವಾಗಿ ಅನ್ನಿಸುತ್ತದೆ. ಅಂಥವರ ಮಾತು ಕೇಳದೆ ಬೆಳೆದ ಸಭೆಯ ಹುಡುಗರು, ತಮ್ಮ ಮನೆಗೆ ಮೊದಲ ಸಾವು ಬಂದ ದಿನ ದೇವರನ್ನೇ ಕಳೆದುಕೊಳ್ಳುತ್ತಾರೆ.

ಕಷ್ಟದಿಂದ ದೇವರು ಪಾಠ ಕಲಿಸುತ್ತಾರೆ ಅನ್ನುವುದರ ಬಗ್ಗೆ ಎರಡು ಮಾತು. ಪರೀಕ್ಷೆಯಿಂದ ತಾಳ್ಮೆ ಹುಟ್ಟುತ್ತದೆ ಎಂದು ಯಾಕೋಬನ ಪತ್ರ ಹೇಳುತ್ತದೆ, ತಂದೆ ಮಗನನ್ನು ತಿದ್ದುವಂತೆ ದೇವರು ತಿದ್ದುತ್ತಾರೆ ಎಂದು ಇಬ್ರಿಯರಿಗೆ ಬರೆದ ಪತ್ರ ಹೇಳುತ್ತದೆ. ನಿಜವೇ. ನಾನು ಅಕ್ಕನ ಜೊತೆ ಆ ವಾರ್ಡಿನಲ್ಲಿ ಕೂತು ಕಲಿತದ್ದನ್ನು ನಲವತ್ತು ವರ್ಷದ ಪ್ರಸಂಗಗಳಲ್ಲಿ ಕಲಿತಿರಲಿಲ್ಲ. ಆದರೆ ನನಗೆ ಪಾಠವಾಗಲಿ ಅಂತ ದೇವರು ಅವಳ ಕಿಡ್ನಿ ಕೆಡಿಸಿದರು ಎಂದು ಹೇಳಲು ನನಗೆ ನಾಲಿಗೆ ಬರುವುದಿಲ್ಲ. ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಹಿತಕ್ಕಾಗಿ ಒದಗುತ್ತದೆ ಎಂದು ಪೌಲ ಬರೆದನೇ ಹೊರತು ಎಲ್ಲವೂ ಹಿತವಾದದ್ದು ಎಂದು ಬರೆಯಲಿಲ್ಲ. ತನ್ನನ್ನು ಮಾರಿದ ಅಣ್ಣಂದಿರಿಗೆ ಯೋಸೇಫ ಹೇಳಿದ್ದೂ ಈ ಅರ್ಥದಲ್ಲೇ: ನೀವು ನನಗೆ ಕೇಡನ್ನೇ ಎಣಿಸಿದಿರಿ, ದೇವರು ಅದರಿಂದ ಒಳ್ಳೆಯದನ್ನು ಮಾಡಿದರು. ಕೇಡನ್ನು ಅವನು ಕೇಡೆಂದೇ ಕರೆದ. ಆ ಮಾತನ್ನು ಹೇಳಿದವನು ಅನುಭವಿಸಿದ ಯೋಸೇಫ, ಅದೂ ಎಷ್ಟೋ ವರ್ಷದ ಮೇಲೆ. ಗುಂಡಿಯೊಳಗೆ ಬಿದ್ದಿದ್ದ ಹುಡುಗನಿಗೆ ಮೇಲಿಂದ ಬಗ್ಗಿ ಯಾರೂ ಅದನ್ನು ಹೇಳಲಿಲ್ಲ. ಮಗು ಕಳೆದುಕೊಂಡ ತಾಯಿಯ ಮುಂದೆ ಮೂರನೇ ದಿನವೇ ಈ ವಾಕ್ಯ ಓದುವವರು ದಯವಿಟ್ಟು ಇದನ್ನು ಯೋಚಿಸಬೇಕು.

ಹಾಗಾದರೆ ವಿಶ್ವಾಸಿ ನೋವಿನಲ್ಲಿ ಏನು ಮಾಡಬೇಕು, ಸ್ತೋತ್ರ ಹೇಳುತ್ತಾ ನಗುತ್ತಿರಬೇಕೇ? ಕೀರ್ತನೆಗಳ ಪುಸ್ತಕ ತೆರೆದರೆ ಗೋಳಾಟಕ್ಕೇ ಎಷ್ಟೊಂದು ಜಾಗ ಇದೆ ನೋಡಿ. 13ನೇ ಕೀರ್ತನೆಯಲ್ಲಿ ಹಾಡಿದವನು ಎಷ್ಟರವರೆಗೆ, ಎಷ್ಟರವರೆಗೆ ಎಂದು ದೇವರನ್ನು ನಾಲ್ಕು ಸಲ ಕೇಳುತ್ತಾನೆ. 88ನೆಯದು ಕೊನೆಗೂ ಬೆಳಕಿಗೆ ಬರುವುದೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ಆರಾಧನೆಯ ಪುಸ್ತಕದಲ್ಲಿ ಇಟ್ಟಿದ್ದಾರೆ. ಸತ್ತಿದ್ದ ಗೆಳೆಯ ಲಾಜರನನ್ನು ಇನ್ನೇನು ಎಬ್ಬಿಸುವವರಿದ್ದ ಯೇಸು ಅವನ ಸಮಾಧಿಯ ಹತ್ತಿರ ಕಣ್ಣೀರು ಹಾಕಿದರು. ಸಾಯುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಈ ಪಾತ್ರೆ, ಅಂದರೆ ಮುಂದಿದ್ದ ಸಂಕಟ, ನನ್ನಿಂದ ತೊಲಗಲಿ ಎಂದು ಬೇಡಿದರು, ಅದು ತೊಲಗಲಿಲ್ಲ. ಶಿಲುಬೆಯ ಮೇಲೆ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ ಎಂದು 22ನೇ ಕೀರ್ತನೆಯ ಮೊದಲ ಸಾಲನ್ನೇ ಕೂಗಿದರು. 'ಯಾಕೆ' ಎಂದು ಕೇಳುವುದು ಅವಿಶ್ವಾಸವಾಗಿದ್ದರೆ ಆ ಕೂಗನ್ನು ಏನನ್ನುವುದು?

ಕ್ರೈಸ್ತ ನಂಬಿಕೆ ನೋವಿನ ಬಗ್ಗೆ ಹೇಳುವ ಮಾತಿನ ನಡುಮಧ್ಯ ಇದೇ. ದೇವರು ಮೇಲೆ ಕೂತು ನಮ್ಮ ಕಷ್ಟದ ಲೆಕ್ಕ ಬರೆಯುತ್ತಿಲ್ಲ, ಅದರೊಳಕ್ಕೆ ಇಳಿದು ಬಂದರು, ಮೊಳೆ ಹೊಡೆಸಿಕೊಂಡರು, ಸತ್ತರು. ಮೂರನೇ ದಿನ ಎದ್ದಾಗಲೂ ಕೈಯಲ್ಲಿ ಗಾಯದ ಗುರುತು ಹಾಗೇ ಇತ್ತು, ಅನುಮಾನಪಟ್ಟ ಶಿಷ್ಯ ತೋಮನಿಗೆ ತೋರಿಸಿದರು. "ಲೋಕದಲ್ಲಿ ನಿಮಗೆ ಸಂಕಟ ಉಂಟು" ಎಂದು ಯೇಸು ಶಿಷ್ಯರಿಗೆ ಮೊದಲೇ ಹೇಳಿದ್ದರು, ಧೈರ್ಯವಾಗಿರಿ, ನಾನು ಲೋಕವನ್ನು ಜಯಿಸಿದ್ದೇನೆ ಎಂದೂ ಸೇರಿಸಿದ್ದರು. ಜಯಿಸಿದ್ದರೆ ಸಂಕಟ ಇನ್ನೂ ಯಾಕೆ? ನಮ್ಮ ಜಿಲ್ಲೆಯವರಿಗೆ ಇದು ಜಮೀನಿನ ಕೇಸಿನಿಂದ ಅರ್ಥವಾಗುತ್ತದೆ. ಕೋರ್ಟಿನಲ್ಲಿ ಡಿಕ್ರಿ ನಮ್ಮ ಕಡೆ ಆಗಿರುತ್ತದೆ, ಇನ್ನು ಅದನ್ನು ಯಾರೂ ತಿರುಗಿಸಲಾರರು. ಆದರೂ ಸ್ವಾಧೀನ ಕೈಗೆ ಬಂದಿರುವುದಿಲ್ಲ, ಎದುರು ಪಾರ್ಟಿ ಇನ್ನೂ ಬೇಲಿ ಹಾಕಿಕೊಂಡು ಕೂತಿರುತ್ತಾನೆ, ಹೊಲದಲ್ಲಿ ಕಾಲಿಡಲು ಹೋದರೆ ಪೆಟ್ಟೂ ಬೀಳುತ್ತದೆ. ಪುನರುತ್ಥಾನದ ದಿನ ಡಿಕ್ರಿ ಆಯಿತು. ಕಣ್ಣೀರನ್ನೆಲ್ಲ ದೇವರು ತಾವೇ ಒರೆಸುವರು, ಸಾವು ಇರುವುದಿಲ್ಲ, ಗೋಳಾಟ ಇರುವುದಿಲ್ಲ ಎಂದು ಪ್ರಕಟನೆಯ ಪುಸ್ತಕ ಹೇಳುವ ದಿನ ಸ್ವಾಧೀನ. ನಾವಿರುವುದು ಈ ಎರಡರ ನಡುವೆ.

ನಡುವಿನ ಈ ಕಾಲದಲ್ಲಿ ಕೈಕಟ್ಟಿ ಕೂರಬೇಕೆಂದು ನಮ್ಮ ಹಿಂದಿನವರು ತಿಳಿಯಲಿಲ್ಲ. ಕೋಲಾರದ ಇಟಿಸಿಎಂ ಆಸ್ಪತ್ರೆ, ಚಿಕ್ಕಬಳ್ಳಾಪುರದ ಸಿಎಸ್‌ಐ ಆಸ್ಪತ್ರೆ ಎರಡೂ ಮಿಷನ್ ಕಾಲದವು. ಕಾಯಿಲೆಗೆ ಕಾರಣ ವಿಶ್ವಾಸದ ಕೊರತೆ ಎಂದು ನಂಬಿದ್ದವರು ಇಟ್ಟಿಗೆ ಸುಣ್ಣ ಹೊತ್ತು ಆಸ್ಪತ್ರೆ ಕಟ್ಟುತ್ತಿರಲಿಲ್ಲ. ಅವರೂ ಮಂಡಿಯೂರಿ ಪ್ರಾರ್ಥಿಸಿದರು, ಎದ್ದು ಹೋಗಿ ಗಾಯ ತೊಳೆದರು. ಮಣ್ಣು ಕಲಸಿ ಕುರುಡನ ಕಣ್ಣಿಗೆ ಹಚ್ಚಿದ ಕೈಯನ್ನು ನೋಡಿ ಕಲಿತದ್ದು ಅದು.

ಅಕ್ಕನಿಗೆ ಈಗ ಊಟದ ಪಥ್ಯವೇ ದೊಡ್ಡ ಶಿಕ್ಷೆ. ಕುಡಿಯುವ ನೀರಿಗೂ ಅಳತೆ. ಟೊಮೆಟೊ ಬೆಳೆಯುವ ಜಿಲ್ಲೆಯಲ್ಲಿ ಹುಟ್ಟಿ ಟೊಮೆಟೊ ತಿನ್ನುವ ಹಾಗಿಲ್ಲ, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಅವಳಿಗೆ ಪ್ರಾಣವಾಗಿದ್ದ ಬಸ್ಸಾರೂ ಇಲ್ಲ. ಸೊಪ್ಪು ತರಕಾರಿ ಬೇಯಿಸಿದಾಗ ಆ ಪೊಟ್ಯಾಸಿಯಂ ನೀರಿಗೆ ಇಳಿಯುತ್ತದೆ, ನಾವು ಸಾರು ಮಾಡುವುದು ಅದೇ ಬಸಿದ ನೀರಿನಲ್ಲಿ. ಕಳೆದ ಶುಕ್ರವಾರ ಅವಳು ಬಂದು ಮಲಗಿದ್ದಾಗ ಎದುರುಮನೆಯ ಅಮ್ಮ ಒಂದು ಬಟ್ಟಲು ಪಲ್ಯ ತಂದರು. "ಎರಡು ಸಲ ಬೇಯಿಸಿ ನೀರೆಲ್ಲ ಚೆಲ್ಲಿದ್ದೀನಿ ಕಣಮ್ಮಾ, ಟೊಮೆಟೊ ಮುಟ್ಟಿಲ್ಲ, ಉಪ್ಪೂ ಕಮ್ಮಿನೇ ಹಾಕಿದ್ದೀನಿ" ಅಂದರು. ಅಕ್ಕ ಎದ್ದು ಕೂತು ಕಣ್ಣು ಮುಚ್ಚಿ ಊಟದ ಪ್ರಾರ್ಥನೆ ಮಾಡುವವರೆಗೂ ಸುಮ್ಮನೆ ಕಾದು ನಿಂತಿದ್ದರು. ಆಮೇಲೆ ಮಂಚದ ಪಕ್ಕ ನೆಲದ ಮೇಲೆ ಕೂತು, ಇವತ್ತು ಬಸ್ಸಿನಲ್ಲಿ ಸೀಟು ಸಿಕ್ಕಿತೋ ಇಲ್ಲವೋ ಎಂದು ಕೇಳಿದರು.